ಆರ್ಕ್ಟಿಕ್ ಹಡಗು ಪ್ರವಾಸ: ಸ್ವಾಲ್ಬಾರ್ಡ್, ಗ್ರೀನ್‌ಲ್ಯಾಂಡ್, ವಾಯವ್ಯ ಮಾರ್ಗ, ಉತ್ತರ ಧ್ರುವ – ನಿಮಗೆ ಯಾವುದು?

ಆರ್ಕ್ಟಿಕ್‌ಗೆ ಹಡಗಿನಲ್ಲಿ ಹೋಗಬೇಕು ಅಂತ ಮನಸ್ಸು ಮಾಡಿದವರಿಗೆ ನಿಜವಾದ ಗೊಂದಲ ಶುರುವಾಗುವುದು ಕಂಪನಿಗಳ ಪಟ್ಟಿ ತೆರೆದಾಗ. ಸ್ವಾಲ್ಬಾರ್ಡ್, ಪೂರ್ವ ಗ್ರೀನ್‌ಲ್ಯಾಂಡ್, ಕೆನಡಾದ ವಾಯವ್ಯ ಮಾರ್ಗ, ಸೀದಾ ಉತ್ತರ ಧ್ರುವ, ಎಲ್ಲವೂ ಅಲ್ಲಿವೆ. ಎಲ್ಲದರ ಫೋಟೊದಲ್ಲೂ ಒಂದು ಹಿಮಕರಡಿ, ಒಂದು ನೀಲಿ ಮಂಜುಗಡ್ಡೆ, ಬಣ್ಣದ ಜಾಕೆಟ್ ಹಾಕಿಕೊಂಡ ಜನ. ಬೆಲೆ ಮಾತ್ರ ಒಬ್ಬರಿಗೆ ಸುಮಾರು 5 ಲಕ್ಷ ರೂಪಾಯಿಯಿಂದ 35 ಲಕ್ಷ ದಾಟುವವರೆಗೂ ಇದೆ. ಫೋಟೊ ಒಂದೇ ಥರ ಇದ್ದರೂ ಪ್ರವಾಸಗಳು ಒಂದೇ ಥರ ಇಲ್ಲ. ಜೀವನದಲ್ಲಿ ಒಂದೇ ಸಲ ಆಗಬಹುದಾದ ಖರ್ಚು ಇದು. ಕೂತು ಯೋಚಿಸಿ ಆರಿಸುವುದು ಒಳ್ಳೆಯದು.

ಇಲ್ಲಿ ಹೇಳುತ್ತಿರುವುದು ಪ್ರಯಾಣಿಕರನ್ನು ದಡಕ್ಕೆ ಇಳಿಸುವ ಎಕ್ಸ್‌ಪೆಡಿಷನ್ ಹಡಗುಗಳ ಬಗ್ಗೆ ಮಾತ್ರ. ಸಾವಿರಾರು ಜನರನ್ನು ಹೊತ್ತು ಬಂದರಿನಿಂದ ಬಂದರಿಗೆ ಹೋಗುವ ದೊಡ್ಡ ಕ್ರೂಸ್ ಹಡಗುಗಳ ಲೆಕ್ಕವೇ ಬೇರೆ.

ಯಾವುದನ್ನು ನೋಡಿ ಅಳೆಯಬೇಕು

ನನ್ನ ಪ್ರಕಾರ ಮೊದಲ ಅಳತೆ, ದಡದ ಮೇಲೆ ನಿಮಗೆ ಸಿಗುವ ಹೊತ್ತು. ಇಂಥ ಹಡಗುಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಇಳಿಸುತ್ತಾರೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಊಟವಾದ ಮೇಲೆ ಒಮ್ಮೆ. ಜೋಡಿಯಾಕ್ ಅನ್ನುವ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಎಂಟು ಹತ್ತು ಜನರನ್ನು ಕೂರಿಸಿ ಕರೆದೊಯ್ಯುತ್ತಾರೆ. ಬಂದರು, ಕಟ್ಟೆ ಏನೂ ಇರುವುದಿಲ್ಲ. ಬೂಟು ಹಾಕಿದ ಕಾಲನ್ನು ಮೊಣಕಾಲುದ್ದ ನೀರಿಗೆ ಇಳಿಸಿ ದಡ ಹತ್ತಬೇಕು. ನೀವು ಕೊಡುವ ದುಡ್ಡು ಈ ಹೊತ್ತಿಗಾಗಿ. ಆದ್ದರಿಂದ ಬೆಲೆಯನ್ನು ಪ್ರವಾಸದ ಒಟ್ಟು ದಿನಗಳಿಂದ ಭಾಗಿಸಬೇಡಿ, ಇಳಿಯುವ ದಿನಗಳಿಂದ ಭಾಗಿಸಿ. ಹನ್ನೆರಡು ದಿನದ ಪ್ರವಾಸದಲ್ಲಿ ನಾಲ್ಕು ದಿನ ಬರೀ ಸಮುದ್ರ ದಾಟುವುದಕ್ಕೇ ಹೋದರೆ, ಅಗ್ಗ ಅಂತ ಕಂಡದ್ದು ದುಬಾರಿ ಆಗಿಬಿಡುತ್ತದೆ.

ಎರಡನೆಯದು ತಿಂಗಳು. ಆರ್ಕ್ಟಿಕ್‌ನಲ್ಲಿ ಜೂನ್ ಮತ್ತು ಸೆಪ್ಟೆಂಬರ್ ಅಂದರೆ ಎರಡು ಬೇರೆ ಬೇರೆ ಊರು ಅಂದುಕೊಳ್ಳಿ. ಜೂನ್‌ನಲ್ಲಿ ಸಮುದ್ರದ ಹಿಮ ಇನ್ನೂ ಹತ್ತಿರ ಇರುತ್ತದೆ, ದಡದಲ್ಲೂ ಹಿಮ ಇರುತ್ತದೆ, ಸೂರ್ಯ ಮುಳುಗುವುದೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಹಿಮ ದೂರ ಸರಿದಿರುತ್ತದೆ, ನೆಲದ ಕುರುಚಲು ಗಿಡಗಳು ಕೆಂಪು, ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ, ರಾತ್ರಿ ಕತ್ತಲಾಗುವುದರಿಂದ ಅರೋರಾ, ಅಂದರೆ ಆಕಾಶದ ಧ್ರುವಜ್ಯೋತಿ, ಕಾಣುವ ಅವಕಾಶ ಇದೆ. ನಡುರಾತ್ರಿಯ ಸೂರ್ಯನೂ ಬೇಕು, ಅರೋರಾ ಕೂಡ ಬೇಕು ಅಂದರೆ ಒಂದೇ ಪ್ರವಾಸದಲ್ಲಿ ಆಗುವ ಮಾತಲ್ಲ.

ಮೂರನೆಯದು, ಹಡಗಿನಲ್ಲಿ ಎಷ್ಟು ಜನ. ಇದರ ಬಗ್ಗೆ ಕೊನೆಗೆ ಬಿಡಿಸಿ ಹೇಳುತ್ತೇನೆ. ಜಾಗದ ಹೆಸರಿಗಿಂತ ಈ ಸಂಖ್ಯೆಯೇ ಎಷ್ಟೋ ಸಲ ಪ್ರವಾಸದ ಹಣೆಬರಹ ಬರೆಯುತ್ತದೆ.

ಆಮೇಲೆ ನಿಮ್ಮ ಹೊಟ್ಟೆ ಮತ್ತು ಮೊಣಕಾಲು. ತೆರೆದ ಸಮುದ್ರ ದಾಟುವಾಗ ವಾಂತಿ ಆಗುವವರು ಎಷ್ಟು ದಾಟಬೇಕು ಅಂತ ಮೊದಲೇ ನೋಡಿಕೊಳ್ಳಬೇಕು. ಹಡಗಿನ ಪಕ್ಕದ ಇಳಿಜಾರು ಮೆಟ್ಟಿಲು ಇಳಿದು, ಅಲುಗಾಡುವ ದೋಣಿಗೆ ಕಾಲಿಡುವುದು ಆಗಬೇಕು. ಇಷ್ಟು ಆದರೆ ಅರವತ್ತು ದಾಟಿದವರೂ ಧಾರಾಳವಾಗಿ ಹೋಗಬಹುದು. ದಡದಲ್ಲಿ ಜಾಸ್ತಿ ನಡೆಯುವವರಿಗೆ, ಸ್ವಲ್ಪ ನಡೆಯುವವರಿಗೆ, ಸುಮ್ನೆ ನಿಂತು ನೋಡುವವರಿಗೆ ಬೇರೆ ಬೇರೆ ಗುಂಪು ಮಾಡುತ್ತಾರೆ.

ಕೊನೆಯದಾಗಿ ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಒಂದೊಂದು ಜಾಗಕ್ಕೂ ಒಂದೊಂದು ರೀತಿ ಇರುವುದರಿಂದ ಆಯಾ ಜಾಗದ ಜೊತೆಗೇ ಹೇಳುತ್ತೇನೆ.

ಸ್ವಾಲ್ಬಾರ್ಡ್: ಮೊದಲ ಸಲ ಹೋಗುವವರಿಗೆ

ಸ್ವಾಲ್ಬಾರ್ಡ್ ಅಂದರೆ ನಾರ್ವೆಯ ಉತ್ತರಕ್ಕಿರುವ, ನಾರ್ವೆಗೇ ಸೇರಿದ ದ್ವೀಪಗಳ ಗುಂಪು. ಅಲ್ಲಿ 78 ಡಿಗ್ರಿ ಅಕ್ಷಾಂಶದಲ್ಲಿ ಲಾಂಗ್‌ಯರ್‌ಬ್ಯೆನ್ ಅನ್ನುವ ಪುಟ್ಟ ಊರಿದೆ. ಓಸ್ಲೊದಿಂದ ವಿಮಾನದಲ್ಲಿ ಸುಮಾರು ಮೂರು ತಾಸು. ಇಳಿದ ದಿನವೇ ಹಡಗು ಹತ್ತಿದರೆ ಮರುದಿನ ಬೆಳಿಗ್ಗೆ ದಡಕ್ಕೆ ಇಳಿಯಬಹುದು. ನಡುವೆ ದಾಟಬೇಕಾದ ದೊಡ್ಡ ಸಮುದ್ರವೇ ಇಲ್ಲ. ಹಡಗು ಹೆಚ್ಚಿನ ಹೊತ್ತು ಫ್ಯೋರ್ಡ್‌ಗಳ (ಬೆಟ್ಟಗಳ ನಡುವೆ ನೆಲದೊಳಗೆ ಚಾಚಿದ ಉದ್ದನೆಯ ಕೊಲ್ಲಿಗಳ) ಒಳಗೇ ಇರುವುದರಿಂದ ಹೊಟ್ಟೆ ತೊಳಸುವುದೂ ಕಡಿಮೆ. ದಡದ ಹೊತ್ತಿನ ಲೆಕ್ಕದಲ್ಲಿ ಬೇರೆ ಯಾವ ಜಾಗವೂ ಇದಕ್ಕೆ ಸಮ ಬರುವುದಿಲ್ಲ.

ನೋಡುವುದಕ್ಕೂ ಬೇಕಾದಷ್ಟಿದೆ. ಆಲ್ಕೆಫ್ಯೆಲೆಟ್ ಅನ್ನುವ ಕಡಿದಾದ ಬಂಡೆಯ ಮೇಲೆ ಹತ್ತಾರು ಸಾವಿರ ಗಿಲೆಮಾಟ್ ಹಕ್ಕಿಗಳು ಗೂಡು ಕಟ್ಟುತ್ತವೆ. ದೋಣಿಯಲ್ಲಿ ಅದರ ಕೆಳಗೆ ಹೋದರೆ ಆಕಾಶ ಕಾಣದಷ್ಟು ಹಕ್ಕಿ, ಕಿವಿ ತುಂಬುವಷ್ಟು ಸದ್ದು. ಔಸ್ಟ್‌ಫೊನ್ನಾ ಹಿಮದ ಗೋಡೆ ಸಮುದ್ರದ ಅಂಚಿನಲ್ಲಿ 180 ಕಿಲೋಮೀಟರ್ ಆಸುಪಾಸು ಚಾಚಿಕೊಂಡಿದೆ, ಬೇಸಿಗೆಯಲ್ಲಿ ಅದರಿಂದ ನೀರು ಜಲಪಾತವಾಗಿ ಧುಮುಕುತ್ತದೆ. ವಾಲ್ರಸ್, ಗಿಡ್ಡ ಕಾಲಿನ ಹಿಮಸಾರಂಗ, ನರಿ, ಇವೆಲ್ಲ ಸಾಮಾನ್ಯವಾಗಿ ಕಾಣಸಿಗುತ್ತವೆ. ವಿರ್ಗೊಹಾಮ್ನಾದಲ್ಲಿ 1897ರಲ್ಲಿ ಸ್ವೀಡನ್ನಿನ ಆಂಡ್ರೆ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ ಜಾಗದ ಅವಶೇಷಗಳಿವೆ. ಅವನೂ ಅವನ ಇಬ್ಬರು ಜೊತೆಗಾರರೂ ಮರಳಿ ಬರಲಿಲ್ಲ. ಸ್ವಾಲ್ಬಾರ್ಡ್‌ನಲ್ಲಿ 1946ಕ್ಕಿಂತ ಹಿಂದಿನ ಮನುಷ್ಯರ ಕುರುಹುಗಳಿಗೆಲ್ಲ ಕಾನೂನಿನ ರಕ್ಷಣೆ ಇದೆ. ತುಕ್ಕು ಹಿಡಿದ ಒಂದು ಮೊಳೆಯನ್ನೂ ಮುಟ್ಟುವಂತಿಲ್ಲ.

ನಮಗೆ ಇಲ್ಲಿ ಇನ್ನೊಂದು ಎಳೆ ಇದೆ. ನಿ-ಓಲೆಸುಂಡ್ ಎಂಬ ಸಂಶೋಧನಾ ಹಳ್ಳಿಯಲ್ಲಿ ಭಾರತದ ‘ಹಿಮಾದ್ರಿ’ ಕೇಂದ್ರ 2008ರಿಂದ ನಡೆಯುತ್ತಿದೆ. 1920ರ ಸ್ವಾಲ್ಬಾರ್ಡ್ ಒಪ್ಪಂದಕ್ಕೆ ಭಾರತವೂ ಸೇರಿದ್ದರಿಂದಲೇ ಅಲ್ಲಿ ನಮಗೆ ನೆಲೆ. ಕೆಲವು ಹಡಗುಗಳು ಆ ಹಳ್ಳಿಗೆ ಹೋಗುತ್ತವೆ. ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ತೊಂದರೆ ಆಗದಂತೆ ಫೋನಿನ ವೈಫೈ, ಬ್ಲೂಟೂತ್ ಎಲ್ಲ ಬಂದ್ ಮಾಡಿಸುತ್ತಾರೆ. ದಾರಿ ಬಿಟ್ಟು ನಡೆಯುವಂತಿಲ್ಲ. 1926ರಲ್ಲಿ ನಾರ್ವೆಯ ಧ್ರುವ ಸಾಹಸಿ ಅಮುಂಡ್‌ಸೆನ್ ತಂಡದ ‘ನೋರ್ಗೆ’ ವಾಯುನೌಕೆ ಕಟ್ಟಿದ್ದ ಕಂಬ ಇನ್ನೂ ಅಲ್ಲೇ ನಿಂತಿದೆ. ಇತಿಹಾಸದಲ್ಲಿ ಆಸಕ್ತಿ ಇದ್ದರೆ ಈ ಹಳ್ಳಿ ಇರುವ ಪ್ರವಾಸವನ್ನೇ ಕೇಳಿ ಆರಿಸಿ.

ಈಗ ಕರಡಿಯ ವಿಷಯ. ಹೆಚ್ಚಿನವರು ಸ್ವಾಲ್ಬಾರ್ಡ್ ಆರಿಸುವುದೇ ಅದಕ್ಕಾಗಿ. 2025ರ ಜನವರಿ 1ರಿಂದ ನಾರ್ವೆಯ ನಿಯಮ ಬಿಗಿಯಾಗಿದೆ. ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ ಈ ದೂರ 500 ಮೀಟರ್. ಆ ದೂರದಿಂದ ಬರಿಗಣ್ಣಿಗೆ ಕರಡಿ ಅಂದರೆ ತಿಳಿಹಳದಿ ಚುಕ್ಕೆ ಮಾತ್ರ. ಫೋನಿನ ಕ್ಯಾಮೆರಾಕ್ಕೆ ಅದೂ ಸಿಗಲಿಕ್ಕಿಲ್ಲ. ಜೂನ್‌ನಲ್ಲಿ ಕರಡಿ ಹಿಮದ ಮೇಲೆ ಕಾಣುವ ಅವಕಾಶ ಚೆನ್ನಾಗಿರುತ್ತದೆ, ಆದರೆ ದೂರ ಜಾಸ್ತಿ. ಜುಲೈ, ಆಗಸ್ಟ್‌ನಲ್ಲಿ ದೂರ ಕಡಿಮೆ, ಆದರೆ ಹಿಮ ಉತ್ತರಕ್ಕೆ ಸರಿದಿರುತ್ತದೆ. ಈ ನಿಯಮ ಬಂದದ್ದು ನನಗೆ ಸಂತೋಷವೇ. ಹಡಗಿನ ಸದ್ದಿಗೆ ಬೇಟೆ ಬಿಟ್ಟು ಎದ್ದು ಓಡುವ ಕರಡಿಯನ್ನು ನೋಡುವುದರಲ್ಲಿ ಏನು ಸುಖ ಇದೆ? ಒಳ್ಳೆಯ ದುರ್ಬೀನು ಇದ್ದರೆ 300 ಮೀಟರ್ ದೂರದ ಕರಡಿಯನ್ನೂ ಗಂಟೆಗಟ್ಟಲೆ ನೋಡಬಹುದು, ಅದು ತನ್ನ ಪಾಡಿಗೆ ತಾನು ಇರುತ್ತದೆ.

ಅದೇ ನಿಯಮಗಳಲ್ಲಿ ಇನ್ನೆರಡು ನಿಮ್ಮ ಆಯ್ಕೆಗೆ ಮುಖ್ಯ. ರಕ್ಷಿತ ಪ್ರದೇಶಕ್ಕೆ ಹೋಗುವ ಹಡಗಿನಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರು ಇರುವಂತಿಲ್ಲ. ಅಲ್ಲಿ ದಡಕ್ಕೆ ಇಳಿಯಲು 43 ಜಾಗಗಳನ್ನು ಮಾತ್ರ ಗುರುತು ಮಾಡಿದ್ದಾರೆ. ಹಳೆಯ ಪ್ರವಾಸಕಥನ ಓದಿ ‘ಈ ಕೊಲ್ಲಿಯಲ್ಲೇ ಇಳಿಯಬೇಕು’ ಅಂತ ಆಸೆ ಇಟ್ಟುಕೊಂಡಿದ್ದರೆ ಮೊದಲು ವಿಚಾರಿಸಿ.

ತಿಂಗಳಿನ ಮಟ್ಟಿಗೆ ಹೇಳುವುದಾದರೆ, ಹಿಮದ ಮೇಲಿನ ಬದುಕು ನೋಡಲು ಜೂನ್. ಹಕ್ಕಿ, ಹೂವು, ನಡಿಗೆ ಎಲ್ಲ ಬೇಕಾದರೆ ಜುಲೈ. ಮುಖ್ಯ ದ್ವೀಪವನ್ನು ಪೂರ್ತಿ ಸುತ್ತಿ ಬರುವ ಪ್ರವಾಸ ಬೇಕಾದರೆ ಜುಲೈ ಕೊನೆಯಿಂದ ಆಗಸ್ಟ್. ಎಂಟರಿಂದ ಹನ್ನೊಂದು ದಿನದ ಪ್ರವಾಸಕ್ಕೆ ಕ್ಯಾಬಿನ್ ಹಂಚಿಕೊಂಡರೆ ಒಬ್ಬರಿಗೆ ಸುಮಾರು 5ರಿಂದ 10 ಲಕ್ಷ, ವಿಮಾನದ ಖರ್ಚು ಬೇರೆ.

ವೀಸಾ: ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ಅದು ಷೆಂಗೆನ್‌ನ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯದ) ಹೊರಗಿದೆ. ನಾರ್ವೆ ಮೂಲಕವೇ ಹೋಗಿ ಬರಬೇಕು. ಅಂದರೆ ಹೋಗುವಾಗ ಷೆಂಗೆನ್ ಬಿಟ್ಟು ಹೊರಟಂತೆ, ಬರುವಾಗ ಮತ್ತೆ ಒಳಗೆ ಬಂದಂತೆ. ಒಂದೇ ಪ್ರವೇಶದ ವೀಸಾ ಸಾಲುವುದಿಲ್ಲ. ಅರ್ಜಿ ಹಾಕುವಾಗಲೇ ಎರಡು ಅಥವಾ ಹೆಚ್ಚು ಪ್ರವೇಶ ಕೇಳಿ.

ಪೂರ್ವ ಗ್ರೀನ್‌ಲ್ಯಾಂಡ್: ನೋಟ ಮತ್ತು ಮೌನ ಬೇಕಾದವರಿಗೆ

ಪ್ರಾಣಿಗಳ ಸಂಖ್ಯೆ ಮುಖ್ಯವಲ್ಲ, ಆ ಭೂಮಿಯ ಅಗಾಧತೆ ನೋಡಬೇಕು ಅನ್ನುವವರಿಗೆ ನಾನು ಸ್ಕೋರ್ಸ್‌ಬಿ ಸುಂಡ್ ಹೆಸರು ಹೇಳುತ್ತೇನೆ. ಜಗತ್ತಿನ ಅತಿ ದೊಡ್ಡ ಫ್ಯೋರ್ಡ್ ಜಾಲ ಇದು, ಸಮುದ್ರದಿಂದ ಒಳಗೆ ಸುಮಾರು 350 ಕಿಲೋಮೀಟರ್ ಹೋಗುತ್ತದೆ. ಎರಡೂ ಕಡೆ ಸಾವಿರಾರು ಅಡಿ ಎತ್ತರದ ಬೆಟ್ಟ, ನಡುವೆ ಕಟ್ಟಡದಷ್ಟು ದೊಡ್ಡ ಮಂಜುಗಡ್ಡೆಗಳು. ರೋಡೆ ಓ ಅನ್ನುವ ಕೆಂಪು ಕಲ್ಲಿನ ದ್ವೀಪದ ಪಕ್ಕ ಆ ಗಡ್ಡೆಗಳು ಬಂದು ಸಿಕ್ಕಿಹಾಕಿಕೊಂಡು ನಿಲ್ಲುತ್ತವೆ. ಕೆಂಪು ಬಂಡೆ, ಬಿಳಿ ನೀಲಿ ಗಡ್ಡೆ, ಕಪ್ಪು ನೀರು. ಫೋಟೊ ತೆಗೆಯುವವರು ಕಣ್ಣು ಮುಚ್ಚಿ ಇದನ್ನೇ ಆರಿಸಬಹುದು.

ಇದರ ಉತ್ತರಕ್ಕೆ 1974ರಲ್ಲಿ ಘೋಷಿಸಿದ ಈಶಾನ್ಯ ಗ್ರೀನ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನ ಇದೆ, 9,72,000 ಚದರ ಕಿಲೋಮೀಟರ್. ಇಡೀ ಕರ್ನಾಟಕದ ಐದು ಪಟ್ಟು ಇಟ್ಟರೂ ಅದಕ್ಕೆ ಸರಿಹೋಗುವುದಿಲ್ಲ. ಉದ್ದ ಕೂದಲಿನ ಮಸ್ಕ್ ಆಕ್ಸ್ ಹಿಂಡುಗಳು ಇಲ್ಲಿನ ವಿಶೇಷ. ಕರಡಿ ಇದೆ, ಆದರೆ ಸ್ವಾಲ್ಬಾರ್ಡ್‌ನಷ್ಟು ಭರವಸೆ ಇಟ್ಟುಕೊಳ್ಳಬೇಡಿ.

ಕಷ್ಟ ಎಲ್ಲಿದೆ ಅಂದರೆ, ತಲುಪುವುದರಲ್ಲಿ. ಐಸ್‌ಲ್ಯಾಂಡಿನಿಂದ ಹೊರಟರೆ ಡೆನ್ಮಾರ್ಕ್ ಜಲಸಂಧಿ ದಾಟಬೇಕು. ಸ್ವಾಲ್ಬಾರ್ಡ್‌ನಿಂದ ಹೊರಟರೆ ಗ್ರೀನ್‌ಲ್ಯಾಂಡ್ ಸಮುದ್ರದಲ್ಲಿ ಎರಡು ದಿನ ಹಿಡಿಯಬಹುದು. ಎರಡೂ ತೆರೆದ, ಒರಟು ನೀರು. ಹೋಗಿ ಬರುವ ಆ ದಿನಗಳಲ್ಲಿ ಇಳಿಯುವುದು ಇಲ್ಲವೇ ಇಲ್ಲ. ಫ್ಯೋರ್ಡಿನ ಬಾಯಿಯ ಹಿಮ ಸಾಮಾನ್ಯವಾಗಿ ಜುಲೈ ಕೊನೆಗೆ ಬಿಡುತ್ತದೆ, ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹಡಗುಗಳು ಹೊರಡುತ್ತವೆ. ನನ್ನ ಮಟ್ಟಿಗೆ ಸೆಪ್ಟೆಂಬರ್ ಮೊದಲ ಭಾಗವೇ ಶ್ರೇಷ್ಠ. ನೆಲ ಬಣ್ಣ ತಿರುಗಿರುತ್ತದೆ, ಸೊಳ್ಳೆ ಇರುವುದಿಲ್ಲ, ರಾತ್ರಿ ಅರೋರಾ ಕಾಣಬಹುದು.

ಆ ಜಾಗ ಎಷ್ಟು ಒಂಟಿ ಅನ್ನುವುದಕ್ಕೆ ಒಂದು ಘಟನೆ ಸಾಕು. 2023ರ ಸೆಪ್ಟೆಂಬರ್ 11ರಂದು ‘ಓಷನ್ ಎಕ್ಸ್‌ಪ್ಲೋರರ್’ ಹಡಗು 206 ಜನರ ಸಮೇತ ಆಲ್ಪೆಫ್ಯೋರ್ಡಿನಲ್ಲಿ ನೆಲ ಕಚ್ಚಿತು. ಗ್ರೀನ್‌ಲ್ಯಾಂಡಿನ ಸಂಶೋಧನಾ ಹಡಗು ‘ತರಾಯೋಕ್’ ಅದನ್ನು ಎಳೆದು ಬಿಡಿಸಿದ್ದು ಮೂರು ದಿನದ ಮೇಲೆ. ಎಲ್ಲರೂ ಕ್ಷೇಮವಾಗಿದ್ದರು. ಆದರೆ ಅಲ್ಲಿ ಸಹಾಯ ಬರುವುದಕ್ಕೆ ಗಂಟೆ ಅಲ್ಲ, ದಿನಗಳೇ ಬೇಕು. ಹೃದಯದ ತೊಂದರೆ ಅಥವಾ ಯಾವಾಗ ಬೇಕಾದರೂ ಆಸ್ಪತ್ರೆ ಬೇಕಾಗುವ ಕಾಯಿಲೆ ಇದ್ದವರು ಇದನ್ನು ಡಾಕ್ಟರ ಜೊತೆ ಮಾತಾಡಿಯೇ ತೀರ್ಮಾನಿಸಬೇಕು.

ಇಟ್ಟೊಕ್ಕೊರ್ಟೂರ್ಮೀಟ್ ಎಂಬ ಹಳ್ಳಿಗೆ ಹೆಚ್ಚಿನ ಹಡಗುಗಳು ಹೋಗುತ್ತವೆ. ಸುಮಾರು 350 ಜನರ ಊರು, 1925ರಲ್ಲಿ ನೆಲೆಯಾದದ್ದು. ಅವರು ಬೇಟೆಯಿಂದ ಬದುಕುವವರು. ಮನೆ ಮುಂದೆ ಕರಡಿಯ ಚರ್ಮ ಒಣಗಲು ಹಾಕಿರುವುದು ಕಾಣಬಹುದು. ಅದು ಅವರ ಜೀವನ, ಕಾನೂನು ಕೊಟ್ಟಿರುವ ಮಿತಿಯೊಳಗೇ ನಡೆಯುತ್ತದೆ. ಅದನ್ನು ನೋಡಿ ಮುಖ ಸಿಂಡರಿಸುವ ಹಾಗಿದ್ದರೆ ಹಳ್ಳಿಗೆ ಇಳಿಯದೇ ಇರುವುದು ಮೇಲು. ಜನರ ಫೋಟೊ ತೆಗೆಯುವ ಮುಂಚೆ ಕೇಳಿ, ಮಕ್ಕಳದಾದರೆ ಇನ್ನೂ ಜೋಪಾನ.

ಬೆಲೆ ಸುಮಾರು 7ರಿಂದ 14 ಲಕ್ಷ. ವೀಸಾದಲ್ಲಿ ಒಂದು ಸೂಕ್ಷ್ಮ ಇದೆ. ಷೆಂಗೆನ್ ವೀಸಾ ಇದ್ದ ಮಾತ್ರಕ್ಕೆ ಗ್ರೀನ್‌ಲ್ಯಾಂಡ್‌ಗೆ ಹೋಗುವಂತಿಲ್ಲ. ಡೆನ್ಮಾರ್ಕ್ ಕೊಡುವ, ‘ಗ್ರೀನ್‌ಲ್ಯಾಂಡ್‌ಗೆ ಮಾನ್ಯ’ ಎಂದು ಬರೆದಿರುವ ವೀಸಾ ಬೇಕು. ಜೊತೆಗೆ ಐಸ್‌ಲ್ಯಾಂಡ್ ಬಿಟ್ಟು ಮತ್ತೆ ಅಲ್ಲಿಗೇ ಬರುವುದಾದರೆ ಷೆಂಗೆನ್‌ನ ಎರಡು ಪ್ರವೇಶ.

ವಾಯವ್ಯ ಮಾರ್ಗ: ಚರಿತ್ರೆಯ ಸೆಳೆತ ಇರುವವರಿಗೆ

ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಕೆನಡಾದ ದ್ವೀಪಗಳ ನಡುವೆ ಹೋಗುವ ದಾರಿ ಇದು. 1845ರಲ್ಲಿ ಬ್ರಿಟನ್ನಿನ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್ ಎರಡು ಹಡಗು ತೆಗೆದುಕೊಂಡು ಈ ದಾರಿ ಹುಡುಕಲು ಹೋದ, 129 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಹಡಗುಗಳಲ್ಲಿ ‘ಎರೆಬಸ್’ 2014ರಲ್ಲಿ, ‘ಟೆರರ್’ 2016ರಲ್ಲಿ ಸಮುದ್ರದ ತಳದಲ್ಲಿ ಪತ್ತೆಯಾದವು. ಬೀಚಿ ದ್ವೀಪದಲ್ಲಿ ಅವನ ಮೂವರು ನಾವಿಕರ ಸಮಾಧಿ ಇವೆ. ಬೋಳು ಕಲ್ಲುನೆಲದಲ್ಲಿ ಸಮಾಧಿಯ ಹಲಗೆಗಳು, ಸುತ್ತ ಏನೂ ಇಲ್ಲ. ಈ ದಾರಿಯನ್ನು ಮೊದಲು ಹಡಗಿನಲ್ಲಿ ಪೂರ್ತಿ ದಾಟಿದವನು ಅಮುಂಡ್‌ಸೆನ್, 1903ರಿಂದ 1906ರವರೆಗೆ. ಅವನು ಎರಡು ಚಳಿಗಾಲ ತಂಗಿ ಅಲ್ಲಿನ ಮೂಲನಿವಾಸಿ ಇನ್ಯೂಟ್ ಜನರಿಂದ ಬದುಕುವುದನ್ನು ಕಲಿತ ಜಾಗ ಈಗ ಯೋವಾ ಹೇವನ್ ಎಂಬ ಊರು. ಗೆದ್ದವನಿಗೂ ಸೋತವನಿಗೂ ಇದ್ದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಆ ಕಲಿಕೆಯದು ಅಂತ ನನಗೆ ಅನಿಸುತ್ತದೆ. ಇಂಥ ಕಥೆಗಳು ನಿಮ್ಮನ್ನು ಎಳೆದರೆ ಇದಕ್ಕೆ ಬದಲಿ ಇಲ್ಲ.

ಎಳೆಯದಿದ್ದರೆ, ದಯವಿಟ್ಟು ಇಷ್ಟು ದುಡ್ಡು ಹಾಕಬೇಡಿ. ಎರಡು ಮೂರು ವಾರ ಬೇಕು, ಬೆಲೆ 13 ಲಕ್ಷದಿಂದ 25 ಲಕ್ಷದ ಆಚೆಗೂ ಹೋಗುತ್ತದೆ. ದೂರ ಜಾಸ್ತಿ, ಹಡಗಿನಲ್ಲೇ ಕಳೆಯುವ ಹೊತ್ತು ಜಾಸ್ತಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಸಾಧ್ಯ, ಕೆಲವು ವರ್ಷ ಹಿಮ ದಾರಿ ಬಿಡುವುದೇ ಇಲ್ಲ. ಆಗ ಹಡಗು ಬೇರೆ ಕಡೆ ತಿರುಗುತ್ತದೆ, ದುಡ್ಡು ವಾಪಸ್ ಬರುವುದಿಲ್ಲ. ಕೆನಡಾ ವೀಸಾ ಬೇಕು, ಗ್ರೀನ್‌ಲ್ಯಾಂಡಿನಿಂದ ಹೊರಟರೆ ಅದರ ವೀಸಾ ಬೇಕು, ಅಲಾಸ್ಕದಲ್ಲಿ ಮುಗಿದರೆ ಅಮೆರಿಕದ್ದೂ ಬೇಕು. ಅಮೆರಿಕ, ಕೆನಡಾದಲ್ಲಿ ನೆಲೆಸಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ಕನ್ನಡಿಗರಿಗೆ ಈ ಭಾರ ಬಹಳ ಹಗುರ, ಅವರಿಗೆ ಈ ದಾರಿ ಹತ್ತಿರವೂ ಹೌದು.

ಉತ್ತರ ಧ್ರುವ

90 ಡಿಗ್ರಿ ಅಕ್ಷಾಂಶದಲ್ಲಿ ನಿಲ್ಲಬೇಕು ಅನ್ನುವ ಆಸೆ ಇದ್ದರೆ ಮಾತ್ರ. ರಷ್ಯಾದ ಅಣುಶಕ್ತಿಯ ಐಸ್‌ಬ್ರೇಕರ್ (ಹಿಮ ಒಡೆದು ಸಾಗುವ ಹಡಗು) ‘50 ಲೆತ್ ಪಬೆದಿ’ ಮುರ್ಮಾನ್ಸ್ಕ್‌ನಿಂದ ಹಲವು ವರ್ಷ ಪ್ರವಾಸಿಗಳನ್ನು ಕರೆದೊಯ್ದಿದೆ. 2022ರ ನಂತರ ಪಶ್ಚಿಮದ ಕಂಪನಿಗಳು ಆ ದಾರಿ ಬಿಟ್ಟಿವೆ. ಫ್ರಾನ್ಸಿನ ಪೊನಾಂ ಕಂಪನಿಯ ‘ಲ ಕಮಾಂಡಾಂ ಶಾರ್ಕೊ’ 2021ರಿಂದ ಓಡುತ್ತಿದೆ. ಬೆಲೆ 30 ಲಕ್ಷದ ಮೇಲೆ. ಹೆಚ್ಚಿನ ದಿನ ಹಿಮ ಒಡೆಯುತ್ತಾ ಸಾಗುವುದೇ ಪ್ರವಾಸ, ಇಳಿಯಲು ನೆಲವಿಲ್ಲ, ಹಿಮದ ಹಾಸಿನ ಮೇಲೇ ಇಳಿಯುತ್ತಾರೆ. ನಾನು ಹೇಳಿದ ಮೊದಲ ಅಳತೆಯಲ್ಲಿ ಇದು ಹಿಂದೆ ಬೀಳುತ್ತದೆ.

5 ಲಕ್ಷವೂ ಕಷ್ಟ ಅನ್ನುವವರಿಗೆ

ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್‌ಗೆ ವಿಮಾನದಲ್ಲಿ ಹೋಗಿ ಅಲ್ಲೇ ತಂಗಬಹುದು. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಹಿಮದ ಫ್ಯೋರ್ಡ್ ಊರಿನ ಪಕ್ಕದಲ್ಲೇ ಇದೆ, ಮರದ ಹಲಗೆಯ ದಾರಿಯಲ್ಲಿ ನಡೆದೇ ಹೋಗಬಹುದು. ‘ಸರ್ಫಾಕ್ ಇಟ್ಟುಕ್’ ಎಂಬ ಹಡಗು ದಕ್ಷಿಣದ ಕಕೊರ್ತೊಕ್‌ನಿಂದ ಇಲುಲಿಸ್ಸಾಟ್‌ವರೆಗೆ ಊರೂರಿಗೆ ನಿಲ್ಲುತ್ತಾ ಹೋಗುತ್ತದೆ. ಅದು ಅಲ್ಲಿನ ಜನ ಓಡಾಡುವ ಹಡಗು, ಜೋಡಿಯಾಕ್ ಇಲ್ಲ, ಗೈಡ್ ಇಲ್ಲ. ಆದರೆ ಜನರ ಜೊತೆ ಕೂತು ಹೋಗುತ್ತೀರಿ. ಇದನ್ನು ಎರಡನೇ ದರ್ಜೆಯ ಆಯ್ಕೆ ಅಂತ ನಾನು ಖಂಡಿತ ಹೇಳುವುದಿಲ್ಲ.

ಎಷ್ಟು ಜನರ ಹಡಗು

12ರಿಂದ 30 ಜನರ ಪುಟ್ಟ ಹಡಗುಗಳಿವೆ. ಉದಾಹರಣೆಗೆ ಹಾಯಿ ಇರುವ ‘ನೋರ್ಡರ್‌ಲಿಕ್ಟ್’ ಸುಮಾರು 20 ಜನರನ್ನು ಕರೆದೊಯ್ಯುತ್ತದೆ. ಒಂದೆರಡು ದೋಣಿಯಲ್ಲಿ ಎಲ್ಲರೂ ದಡ ಸೇರುತ್ತಾರೆ. ಪ್ರಾಣಿ ಕಂಡರೆ ಎಷ್ಟು ಹೊತ್ತು ಬೇಕಾದರೂ ಕಾಯಬಹುದು. ಆದರೆ ಕ್ಯಾಬಿನ್ ಇಕ್ಕಟ್ಟು, ಅಲೆ ಬಂದರೆ ಜೋರಾಗಿ ಅಲುಗಾಡುತ್ತದೆ.

‘ಪ್ಲಾನ್ಸಿಯಸ್’, ‘ಒರ್ಟೀಲಿಯಸ್’ ಥರದ ನೂರು ಚಿಲ್ಲರೆ ಜನರ ಹಡಗುಗಳು ನಡುವಿನ ದಾರಿ. ಬೇರೆ ಬೇರೆ ನಡಿಗೆಯ ಗುಂಪು ಮಾಡುವಷ್ಟು ಗೈಡ್‌ಗಳು ಇರುತ್ತಾರೆ, ಡಾಕ್ಟರ್ ಇರುತ್ತಾರೆ, ಉಪನ್ಯಾಸ ಇರುತ್ತದೆ. 200ರ ಹತ್ತಿರದ ಹೊಸ ಹಡಗುಗಳಲ್ಲಿ ಅಲುಗಾಟ ಕಡಿಮೆ, ಸೌಕರ್ಯ ಜಾಸ್ತಿ. ಆದರೆ ದೋಣಿ ಹತ್ತಲು ಸರದಿ ಕಾಯುವುದೂ ಜಾಸ್ತಿ, ಕೆಲವು ಸಲ ಅರ್ಧ ಜನ ದಡದಲ್ಲಿ, ಅರ್ಧ ಜನ ದೋಣಿಯಲ್ಲಿ ಸುತ್ತುತ್ತಾ ಇರಬೇಕಾಗುತ್ತದೆ. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರು ಈ ಹಡಗು ಆರಿಸಿದರೆ ತಪ್ಪಿಲ್ಲ. ಗಟ್ಟಿ ನಡೆಯುವವರು, ಫೋಟೊ ಹುಚ್ಚಿನವರು ನೂರರ ಒಳಗೆ ಇರಿ.

ಕ್ಯಾಬಿನ್‌ಗೆ ಸುಮ್ನೆ ಜಾಸ್ತಿ ಸುರಿಯಬೇಡಿ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಇರುವ ಗುಂಡು ಕಿಟಕಿಯ ಕ್ಯಾಬಿನ್ ಅಗ್ಗ, ಅಲುಗಾಟವೂ ಅಲ್ಲೇ ಕಡಿಮೆ. ಮೇಲಿನ ಬಾಲ್ಕನಿ ಕೋಣೆಯಲ್ಲಿ ನೋಟ ಚೆಂದ, ತೂಗಾಟ ಜೋರು. ಹೇಗೂ ಎಚ್ಚರ ಇರುವಷ್ಟು ಹೊತ್ತೂ ನೀವು ಡೆಕ್ ಮೇಲೇ ಇರುತ್ತೀರಿ. ಒಬ್ಬರೇ ಹೋಗುವವರು ಪೂರ್ತಿ ಕ್ಯಾಬಿನ್ ಕೇಳಿದರೆ ಒಂದೂವರೆ ಪಟ್ಟಿಗೂ ಮೇಲೆ ಕೊಡಬೇಕಾಗುತ್ತದೆ. ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಒಪ್ಪಿದರೆ ಆ ಹಣ ಉಳಿಯುತ್ತದೆ.

ಮುಂಗಡ ಕಟ್ಟುವ ಮೊದಲು

ಕಂಪನಿಗೆ ಒಂದು ಮೇಲ್ ಬರೆದು ಕೇಳಿ: ಎಷ್ಟು ದಿನ ಇಳಿಸುವ ಯೋಜನೆ ಇದೆ? ಒಬ್ಬ ಗೈಡ್‌ಗೆ ಎಷ್ಟು ಜನ? ಎಲ್ಲರನ್ನೂ ಒಂದೇ ಸಲ ಇಳಿಸುತ್ತೀರಾ? ಕಯಾಕಿಂಗ್ ಬೆಲೆಯಲ್ಲಿ ಸೇರಿದೆಯೇ? ಆರ್ಕ್ಟಿಕ್ ಎಕ್ಸ್‌ಪೆಡಿಷನ್ ಹಡಗು ಕಂಪನಿಗಳ ಸಂಘ ಎಇಸಿಒ 2003ರಿಂದ ಇದೆ, ಅದರ ಸದಸ್ಯರೇ ಅಂತಲೂ ಕೇಳಿ. ಪ್ರಾಣಿಗಳ ಹತ್ತಿರ, ಹಳ್ಳಿಗಳಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವ ಅದರ ನಿಯಮಗಳು ಒಳ್ಳೆಯವು. ಈ ಪ್ರಶ್ನೆಗಳಿಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬಂದರೆ ಆ ಕಂಪನಿ ಬಿಡಿ.

ಸಸ್ಯಾಹಾರಿಗಳು ಬುಕಿಂಗ್ ಫಾರ್ಮ್‌ನಲ್ಲೇ ಬರೆಯಿರಿ. ಮೊಟ್ಟೆ ತಿನ್ನುವುದಿಲ್ಲ, ಮೀನೂ ಇಲ್ಲ ಅಂತ ಬಿಡಿಸಿಯೇ ಬರೆಯಿರಿ. ನಡು ಸಮುದ್ರದಲ್ಲಿ ಅಂಗಡಿ ಇಲ್ಲ, ಅಡುಗೆಯವರಿಗೆ ಮೊದಲೇ ಗೊತ್ತಿದ್ದರೆ ಚೆನ್ನಾಗಿಯೇ ಮಾಡಿ ಕೊಡುತ್ತಾರೆ. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದ ವಿಮೆ ಬೇಕೇ ಬೇಕು, ಹೆಚ್ಚಿನ ಕಂಪನಿಗಳು ಅದಿಲ್ಲದೆ ಹತ್ತಿಸುವುದೂ ಇಲ್ಲ. ಭಾರತದ ಏಜೆಂಟರ ಮೂಲಕ ಕಟ್ಟಿದರೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗುವ ಹಣ ಅದು.

ಬೂಟು ಹೆಚ್ಚಿನ ಹಡಗುಗಳಲ್ಲಿ ಅವರೇ ಕೊಡುತ್ತಾರೆ, ಕೆಲವರು ಜಾಕೆಟ್ ಕೂಡ. ಆ ಉಳಿತಾಯದಲ್ಲಿ ದುರ್ಬೀನು ಕೊಳ್ಳಿ. ಮನೆಗೆ ಒಂದಲ್ಲ, ಒಬ್ಬೊಬ್ಬರಿಗೆ ಒಂದೊಂದು. ಕರಡಿ ಕಂಡಾಗ ಯಾರೂ ಇನ್ನೊಬ್ಬರಿಗೆ ಕೊಡುವುದಿಲ್ಲ.